ಉಸಿರಿರುವಾಗ ಮಣ್ಣಿನ ಮಾತು ಆಡಬಹುದೇ?

ಪ್ರಶ್ನೆ: ಅಪ್ಪನಿಗೆ ಎಪ್ಪತ್ತೆಂಟು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದು, ಇನ್ನು ನೋವು ಕಡಿಮೆ ಮಾಡುವುದಷ್ಟೇ ಎಂದು ಮನೆಗೆ ಕಳಿಸಿದ್ದಾರೆ. ನಾವು ಲಿಂಗಾಯತರು, ಹೂಳುವುದು ರೂಢಿ. ಮೊನ್ನೆ ಅಪ್ಪ ಒಮ್ಮೆಲೇ, ‘ನನ್ನ ಸುಟ್ಟುಬಿಡ್ರಿ, ಕಟ್ಟಿಗಿಟ್ಟಿ ಏನೂ ಕಟ್ಟಬ್ಯಾಡ್ರಿ’ ಅಂದರು. ಇದು ಅಪಶಕುನದ ಮಾತು ಅಂತ ಕಾಕಾ ಸಿಟ್ಟಾಗಿದ್ದಾರೆ. ಅಮೆರಿಕದಲ್ಲಿರುವ ತಮ್ಮ, ‘ನಾ ಬರೂತನಕ ತಡೀರಿ’ ಅಂತಾನೆ. ಏನು ಮಾಡಲಿ?
– ಹೆಸರು ಬೇಡ, ನವನಗರ

ಉತ್ತರ: ಅಪ್ಪ ಬಾಯಿಬಿಟ್ಟು ಹೇಳಿದ್ದಾರಲ್ಲ, ಅದು ನಿಮ್ಮ ಮನೆಯ ಪುಣ್ಯ. ಅವರ ಮನಸ್ಸಿನಲ್ಲಿ ಏನಿತ್ತೋ ಎಂದು ಆಮೇಲೆ ವರ್ಷಗಟ್ಟಲೆ ಕೊರಗುವ ಮನೆಗಳು ಬಹಳ.

ಕಾಕಾ ಅವರಿಗೆ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಗಳನ್ನು ನೆನಪಿಸಿ. ಅವರು 2014ರ ಗುರುಪೂರ್ಣಿಮೆಯಂದೇ ತಮ್ಮ ಕೊನೆಯ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಹೂಳದೆ ದಹಿಸಬೇಕು, ಶ್ರಾದ್ಧದಂಥ ಕರ್ಮ ಬೇಡ, ಚಿತಾಭಸ್ಮ ನದಿಗೋ ಸಾಗರಕ್ಕೋ ಸೇರಲಿ, ಸ್ಮಾರಕ ಬೇಡ. ಸ್ವಾಮಿಗಳಿಗೆ ಸಮಾಧಿ, ಗದ್ದುಗೆ ಮಾಡುವ ನಾಡು ನಮ್ಮದು. ಆದರೂ 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, ಮರುದಿನ ಆಶ್ರಮದ ಆವರಣದಲ್ಲೇ ದಹನ ನಡೆಯಿತು. ಲಕ್ಷಾಂತರ ಭಕ್ತರು ಕೈಮುಗಿದರು. ಆ ಮಾತನ್ನು ಅಪಶಕುನ ಎಂದವರಿಲ್ಲ.

ಹೀಗೆ ಬರೆದಿಟ್ಟ ಇಚ್ಛೆಯನ್ನು ನಡೆಸಿಕೊಡುವವರು ಕೊನೆಗೆ ಮನೆಯವರೇ. ಆದ್ದರಿಂದ ಕಾಕಾ ಅವರನ್ನು ಹೊರಗಿಡಬೇಡಿ. ಅಪ್ಪನಿಗೆ ನೋವು ಕಡಿಮೆಯಿರುವ ಹೊತ್ತಿನಲ್ಲಿ ಇಬ್ಬರನ್ನೂ ಕೂಡಿಸಿ ಕೇಳಿ. ಪೂಜೆಗೆ ಯಾವ ಅಯ್ಯನವರು ಬರಬೇಕು, ಕೊರಳ ಇಷ್ಟಲಿಂಗವನ್ನು ಏನು ಮಾಡಬೇಕು, ಇಲ್ಲಿಯ ರುದ್ರಭೂಮಿಯೋ ಊರ ಹೊಲವೋ, ಭಜನೆ ಇರಲೋ ಬೇಡವೋ. ಬರೆದುಕೊಂಡು ಅವರ ಸಹಿ ಹಾಕಿಸಿ. ಕಣ್ಣು ದಾನ ಮಾಡುವ ಮನಸ್ಸಿದೆಯೇ ಎಂದೂ ಕೇಳಿ. ರಕ್ತದ ಕ್ಯಾನ್ಸರ್, ಕಣ್ಣಿನ ಕ್ಯಾನ್ಸರ್ ಬಿಟ್ಟರೆ ಬಹುತೇಕ ಕ್ಯಾನ್ಸರ್ ರೋಗಿಗಳು ಕೊಡಬಹುದು. ಆದರೆ ಉಸಿರು ನಿಂತ ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನ ನಂಬರು ಈಗಲೇ ಫೋನಿನಲ್ಲಿರಲಿ.

ತಮ್ಮನಿಗೆ ಖಡಾಖಂಡಿತವಾಗಿ ಹೇಳಿ: ಈಗಲೇ ಹೊರಡು, ಅಪ್ಪ ಇನ್ನೂ ಮಾತಾಡುತ್ತಿದ್ದಾರೆ. ಅಷ್ಟರಲ್ಲಿ ತೀರಿಕೊಂಡರೆ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ. ಆದರೆ ಎಷ್ಟು ಹೊತ್ತು ಕಾಯುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ‘ಮಣ್ಣು ಎಷ್ಟೊತ್ತಿಗೆ?’ ಎಂದು ಊರಿನಿಂದ ಬರುವ ಪ್ರತಿ ಫೋನಿಗೂ ಒಂದೇ ಉತ್ತರ ಇರಬೇಕು.

ಮನೆಯಲ್ಲಿ ಸಾವಾದರೆ ಕಾಗದಪತ್ರದ ತೊಡಕು ಹೆಚ್ಚು. ಚಿಕಿತ್ಸೆ ಕೊಟ್ಟ ವೈದ್ಯರಿಂದ ಸಾವಿನ ಕಾರಣದ ಪತ್ರ ಹೇಗೆ ಸಿಗುತ್ತದೆಂದು ಈಗಲೇ ವಿಚಾರಿಸಿ. ಡಿಸ್ಚಾರ್ಜ್ ಸಾರಾಂಶ, ಆಧಾರ್ ಒಂದೇ ಕಡೆ ಇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವಾದ ಸ್ಥಳದಲ್ಲೇ, ಎಂದರೆ ನಿಮಗೆ ಮಹಾನಗರ ಪಾಲಿಕೆಯಲ್ಲಿ, 21 ದಿನದೊಳಗೆ ನೋಂದಾಯಿಸಬೇಕು. ಅಂತ್ಯಕ್ರಿಯೆ ಸ್ವಂತ ಊರಲ್ಲಾದರೂ ನೋಂದಣಿ ಇಲ್ಲಿಯೇ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಪಿಂಚಣಿ, ಬ್ಯಾಂಕು, ಎಲ್ಲೈಸಿ ಎಲ್ಲರೂ ಪ್ರಮಾಣಪತ್ರ ಕೇಳುತ್ತಾರೆ. ನಾಲ್ಕಾರು ಪ್ರತಿ ತೆಗೆದಿಡಿ.

ಪ್ರಶ್ನೆ: ಅವ್ವ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ವರ್ಷದ ಪುಣ್ಯಸ್ಮರಣೆಗೆ ಪೆಂಡಾಲ್, ಸರ್ಕಲ್‌ನಲ್ಲಿ ಫ್ಲೆಕ್ಸ್, ಸಾವಿರ ಜನಕ್ಕೆ ಊಟ ಎಂದು ಅಣ್ಣ ಸಾಲ ಮಾಡಲು ಹೊರಟಿದ್ದಾನೆ. ನನಗೆ ಮನಸ್ಸಿಲ್ಲ.
– ಓದುಗರೊಬ್ಬರು, ನವನಗರ

ಉತ್ತರ: ಊಟ ಹಾಕುವುದು ತಪ್ಪಲ್ಲ. ಹೆಗಲು ಕೊಟ್ಟವರಿಗೆ, ಆ ದಿನಗಳಲ್ಲಿ ಬುತ್ತಿ ತಂದ ನೆರೆಯವರಿಗೆ ಉಣಬಡಿಸಿ. ಸಾಲ ಮಾತ್ರ ಬೇಡ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ.

ಧಾರವಾಡದಲ್ಲಿ ಇದಕ್ಕೊಂದು ಒಳ್ಳೆಯ ದಾರಿಯಿದೆ, ದತ್ತಿ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಹಿರಿಯರ ಹೆಸರಿನಲ್ಲಿ ಮನೆಯವರು ಇಟ್ಟ ದತ್ತಿಗಳಿವೆ. ಮೂಲಧನ ಹಾಗೇ ಉಳಿದು ಬಡ್ಡಿಯಲ್ಲಿ ಉಪನ್ಯಾಸ, ಬಹುಮಾನ ನಡೆಯುತ್ತವೆ. ಅಷ್ಟು ದೂರವೂ ಬೇಡವೆಂದರೆ ಅವ್ವ ಕಲಿಸಿದ ಶಾಲೆಯಲ್ಲೇ ಒಂದು ಬಹುಮಾನ ಇಡಿ. ಎಲ್ಲಿ ಇಟ್ಟರೂ ನಿಯಮಗಳನ್ನು ಬರೆಸಿಕೊಳ್ಳಿ, ಬಡ್ಡಿ ಇಳಿದರೆ ಏನು ಮಾಡುವುದೆಂಬುದೂ ಅದರಲ್ಲಿರಲಿ. ಅವ್ವನ ಹಳೆಯ ವಿದ್ಯಾರ್ಥಿಗಳಿಂದ ಎರಡೆರಡು ಪುಟ ನೆನಪು ಬರೆಸಿದರೆ ಚಿಕ್ಕ ಸಂಚಿಕೆಯೂ ಆಗುತ್ತದೆ. ಅಣ್ಣ ಮುಂಗಡ ಕೊಡುವ ಮೊದಲೇ ಅವನನ್ನು ಕರೆದುಕೊಂಡು ಆ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರನ್ನು ಕಾಣಿರಿ.