ಕಡೆಗೀಲು

ಎತ್ತಿನ ಬಂಡಿಯ ಕಾಲದಲ್ಲಿ ದೂರದ ಸಂತೆಗೆ ಹೊರಡುವ ರೈತನು ನಸುಕಿನಲ್ಲಿಯೇ ಎದ್ದು ಎತ್ತುಗಳಿಗೆ ಮೇವು ಹಾಕಿ, ಅನಂತರ ಬಂಡಿಯ ಸುತ್ತ ಒಂದು ಸಲ ನಡೆದು ಬರುತ್ತಿದ್ದನು. ಅಚ್ಚಿಗೆ ಕೀಲೆಣ್ಣೆ ಇದೆಯೇ, ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾಗಿದೆಯೇ, ಅಚ್ಚಿನ ತುದಿಯಲ್ಲಿ ಕಡೆಗೀಲು ಭದ್ರವಾಗಿ ಕುಳಿತಿದೆಯೇ ಎಂದು ಮುಟ್ಟಿ ನೋಡುತ್ತಿದ್ದನು. ಕಡೆಗೀಲೆಂಬುದು ಬೆರಳುದ್ದದ ಒಂದು ಕಬ್ಬಿಣದ ತುಂಡು. ಬಂಡಿಯ ಬೆಲೆಯಲ್ಲಿ ಅದರ ಪಾಲು ಗಣನೆಗೂ ಬಾರದು. ಆದರೆ ಅದು ದಾರಿಯಲ್ಲಿ ಕಳಚಿ ಬಿದ್ದರೆ ಚಕ್ರವು ಅಚ್ಚಿನಿಂದ ಜಾರಿ, ಹೇರಿದ ಸರಕೆಲ್ಲವೂ ಮಣ್ಣುಪಾಲಾಗುತ್ತದೆ.

ಇಂದು ಬಂಡಿಯ ಸ್ಥಾನದಲ್ಲಿ ಮೋಟಾರು ವಾಹನ ನಿಂತಿದೆ. ವೇಗ ಹೆಚ್ಚಿದೆ, ದೂರ ಕುಗ್ಗಿದೆ. ಆದರೆ ಕಡೆಗೀಲಿನ ಪಾಠ ಬದಲಾಗಿಲ್ಲ. ಯಂತ್ರವು ಎಷ್ಟೇ ದೊಡ್ಡದಾದರೂ ಅದನ್ನು ನಡುದಾರಿಯಲ್ಲಿ ನಿಲ್ಲಿಸುವುದು ಸಾಮಾನ್ಯವಾಗಿ ಒಂದು ಸಣ್ಣ ವಸ್ತುವೇ.

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಬದುಕು ರಸ್ತೆಗಳನ್ನು ಬಹುವಾಗಿ ಅವಲಂಬಿಸಿದೆ. ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ, ತರಕಾರಿಗಳು ಬೆಳಕು ಹರಿಯುವ ಮೊದಲೇ ಬೆಂಗಳೂರಿನ ದಾರಿ ಹಿಡಿಯುತ್ತವೆ. ಚಿಂತಾಮಣಿಯ ಮಾರುಕಟ್ಟೆಗೆ ಟೊಮೇಟೊ ತುಂಬಿದ ವಾಹನಗಳು ಬರುತ್ತವೆ. ಗೌರಿಬಿದನೂರಿನ ಹೊಲಗಳಿಂದ ಮುಸುಕಿನ ಜೋಳ ಹೊರಡುತ್ತದೆ. ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ರೇಷ್ಮೆಗೂಡು ಬರುತ್ತದೆ. ಈ ಸರಕುಗಳಲ್ಲಿ ಹೆಚ್ಚಿನವು ಕಾಯಲಾರದ ಸರಕುಗಳು.

ಅವುಗಳಲ್ಲಿಯೂ ರೇಷ್ಮೆಗೂಡಿನ ಸ್ಥಿತಿ ವಿಶೇಷವಾದುದು. ಗೂಡಿನೊಳಗೆ ಜೀವವಿದೆ. ಹುಳು ಗೂಡು ಕಟ್ಟಲಾರಂಭಿಸಿದ ಹತ್ತು ಹನ್ನೆರಡು ದಿನಗಳಲ್ಲಿ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಕಡಿಯದ ಎಳೆಯನ್ನು ತೆಗೆಯಲಾಗದು. ಚೀಲಗಳಲ್ಲಿ ಒತ್ತಾಗಿ ತುಂಬಿದ ಗೂಡುಗಳು ಹೆಚ್ಚು ಹೊತ್ತು ಗಾಳಿಯಿಲ್ಲದೆ ಉಳಿದರೆ ಬಿಸಿಯೇರಿ, ಒಳಗಿನ ಹುಳು ಸತ್ತು, ಗೂಡಿಗೆ ಕಲೆಯಾಗುತ್ತದೆ. ಆದುದರಿಂದ ಒಂದು ತಿಂಗಳ ಕಾಲ ಮನೆಮಂದಿಯೆಲ್ಲ ನಿದ್ದೆಗೆಟ್ಟು ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿದ ಗೂಡು ಹರಾಜಿನ ವೇಳೆಗೆ ಮಾರುಕಟ್ಟೆಯನ್ನು ಮುಟ್ಟಲೇಬೇಕು.

ಅಂಥ ಗೂಡನ್ನು ಹೊತ್ತ ಸಣ್ಣ ಸರಕು ವಾಹನವೊಂದು ಗೌರಿಬಿದನೂರಿನ ಕಡೆಯಿಂದ ಹೊರಟು, ಮಂಚೇನಹಳ್ಳಿಯನ್ನು ದಾಟಿದ ಮೇಲೆ ನಿಂತುಹೋಯಿತೆಂದು ಇಟ್ಟುಕೊಳ್ಳಬಹುದು. ಮುಂಭಾಗದಿಂದ ಹಬೆ ಏಳುತ್ತಿದೆ. ಕಾರಣ ಇಷ್ಟೆ: ಎಂಜಿನ್ನಿನ ಮುಂದೆ ಸುತ್ತುವ ರಬ್ಬರಿನ ಬೆಲ್ಟು ತುಂಡಾಗಿದೆ. ಹಲವು ಸರಕು ವಾಹನಗಳಲ್ಲಿ ಈ ಒಂದೇ ಬೆಲ್ಟು ನೀರಿನ ಪಂಪನ್ನೂ ವಿದ್ಯುತ್ತು ಉತ್ಪಾದಿಸುವ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಬೆಲ್ಟು ಹರಿದರೆ ನೀರು ಸುತ್ತುವುದು ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ. ಆದರೂ ಗಾಡಿ ನಡೆಸಿದರೆ ಸಿಲಿಂಡರಿನ ಮೇಲ್ಮುಚ್ಚಳವೇ ಸೊಟ್ಟಗಾಗಬಹುದು. ಆ ಬೆಲ್ಟು ಒಮ್ಮೆಲೇ ಹರಿದುದಲ್ಲ. ಒಂದು ವಾರದಿಂದ ಅದು ಕೀಚಲು ದನಿ ಮಾಡುತ್ತಿದ್ದಿರಬಹುದು. ಅದರ ಒಳಮೈಯಲ್ಲಿ ಬಿರುಕುಗಳು ಕಾಣುತ್ತಿದ್ದಿರಬಹುದು. ಯಂತ್ರವು ಹೇಳಿತ್ತು, ಕೇಳುವವರಿರಲಿಲ್ಲ.

ಯಂತ್ರದ ಮಾತನ್ನು ಕೇಳಿದವರ ಕಥೆಯೂ ಉಂಟು. ಅದು ಮೋಟಾರಿನಷ್ಟೇ ಹಳೆಯದು. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಝ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಝ್ ನಿರ್ಮಿಸಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್ ನಗರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಜೊತೆಗಿದ್ದವರು ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಹೋದವರು ಅದುವರೆಗೆ ಯಾರೂ ಇರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಗೆ ಚುಚ್ಚುವ ಸೂಜಿಯಿಂದ ಅದನ್ನು ಬಿಡಿಸಿದಳು. ವಿದ್ಯುತ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಂಧನ ತೀರಿದಾಗ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡಳು. ಬ್ರೇಕಿನ ಮರದ ತುಂಡು ಸವೆದಾಗ ಅದಕ್ಕೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಗಾಡಿಯನ್ನು ತಳ್ಳಬೇಕಾಯಿತು. ಆ ಅನುಭವದಿಂದಲೇ ಏರಿಗೆ ತಕ್ಕ ಮತ್ತೊಂದು ಗೇರು ಬೇಕೆಂಬುದು ಸ್ಪಷ್ಟವಾಯಿತು. ಸಣ್ಣ ದೋಷವನ್ನು ಗಮನಿಸಿದವರು ಯಂತ್ರವನ್ನು ರಿಪೇರಿ ಮಾಡುವುದಷ್ಟೇ ಅಲ್ಲ, ಅದನ್ನು ಉತ್ತಮಗೊಳಿಸಲೂಬಲ್ಲರು.

ವಾಹನದ ಆರೈಕೆಯಲ್ಲಿ ಮೊದಲು ನೆನೆಯಬೇಕಾದುದು ನೀರನ್ನು. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದುದು ಶಾಖವಾಗಿ ಹೊಗೆಯ ಮೂಲಕವೂ ತಂಪುಗೊಳಿಸುವ ನೀರಿನ ಮೂಲಕವೂ ಹೊರಹೋಗಬೇಕು. ನದಿಯ ತುಂಬು ನೀರಿಲ್ಲದ ಈ ಬಯಲುಸೀಮೆಯಲ್ಲಿ ಸಾವಿರ ಅಡಿಗಿಂತ ಆಳದ ಕೊಳವೆಬಾವಿಗಳೂ ಇವೆ. ಅಂಥ ನೀರು ಹಲವೆಡೆ ಗಡಸು; ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ ಕೂಡಿದುದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಗಸಿ ಕಟ್ಟುವುದನ್ನು ಪ್ರತಿ ಮನೆಯಲ್ಲಿಯೂ ಕಾಣಬಹುದು. ಅದೇ ಗಸಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿದರೆ ಶಾಖ ಹೊರಹೋಗದು. ಆದುದರಿಂದ ತಯಾರಕರು ಸೂಚಿಸಿದ ಶೀತಕ ದ್ರವವನ್ನೇ ಬಳಸಬೇಕು. ಅನಿವಾರ್ಯವಾಗಿ ಕೊಳವೆಬಾವಿಯ ನೀರು ತುಂಬಿದರೆ ಆದಷ್ಟು ಬೇಗ ಅದನ್ನು ತೆಗೆಸಬೇಕು. ಕಾದಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ನೀರು ಒಮ್ಮೆಲೇ ಕುದಿದು ಚಿಮ್ಮಿ ಮುಖವನ್ನು ಸುಡುತ್ತದೆ. ಎಂಜಿನ್ ಪೂರ್ತಿಯಾಗಿ ಆರುವವರೆಗೆ ಕಾಯುವುದೇ ಮೊದಲ ಚಿಕಿತ್ಸೆ.

ಎರಡನೆಯದು ಎಣ್ಣೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷಗಳ ಅನಂತರ ಅಳತೆಯ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಿದರೆ ಎಣ್ಣೆಯ ಮಟ್ಟ ತಿಳಿಯುತ್ತದೆ. ಮೂರನೆಯದು ಗಾಳಿ. ಚಿಂತಾಮಣಿಯ ಕಡೆಯ ಮಣ್ಣುದಾರಿಗಳ ಕೆಂಧೂಳು ಎಂಜಿನ್ನಿನ ಗಾಳಿಶೋಧಕವನ್ನು ಬೇಗ ಮುಚ್ಚುತ್ತದೆ. ಆಗ ಎಳೆತ ಕುಂದಿ ಇಂಧನ ಪೋಲಾಗುತ್ತದೆ. ನಾಲ್ಕನೆಯದು ಟೈರು. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಂತೆಲ್ಲ ಕಾಯುತ್ತದೆ, ಕಾದುದು ಸಿಡಿಯಬಹುದು. ಆದುದರಿಂದ ಗಾಳಿಯ ಒತ್ತಡವನ್ನು ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ದಿಂಡುಗಳ ಎತ್ತರ 1.6 ಮಿಲಿಮೀಟರ್. ಸವೆತವು ಅವುಗಳ ಮಟ್ಟಕ್ಕೆ ಬಂದರೆ ಟೈರನ್ನು ಬದಲಿಸಬೇಕು. ಹೆಚ್ಚುವರಿ ಚಕ್ರದಲ್ಲಿ ಗಾಳಿಯಿದೆಯೇ ಎಂಬುದನ್ನು ನೋಡಲು ಬಹಳ ಮಂದಿ ಮರೆಯುತ್ತಾರೆ. ಅದು ಬೇಕಾದಾಗಲೇ ನೆನಪಾಗುತ್ತದೆ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಇಲ್ಲವೆ ಹಸಿರು ಪುಡಿ ಕಟ್ಟಿದ್ದರೆ ತಿಳಿದವರಿಂದ ತೊಳೆಸಿ ಬಿಗಿ ಮಾಡಿಸಬೇಕು. ಮುಂಜಾನೆ ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ನಂದಿಬೆಟ್ಟವು ಬ್ರೇಕಿನ ಪಾಠವನ್ನು ಕಲಿಸುತ್ತದೆ. ಅದರ ಎತ್ತರ ಸಮುದ್ರಮಟ್ಟದಿಂದ 1478 ಮೀಟರ್. ತುದಿಯಿಂದ ಸುಮಾರು 500 ಮೀಟರ್ ಕೆಳಕ್ಕೆ ತಿರುವುಗಳಲ್ಲಿ ಇಳಿಯುವ 1000 ಕಿಲೋಗ್ರಾಂ ತೂಕದ ಕಾರನ್ನು ಗಣಿತದ ಕಣ್ಣಿನಿಂದ ನೋಡಬಹುದು. ಇಳಿಯುವಾಗ ಅದು ಕಳೆದುಕೊಳ್ಳುವ ಶಕ್ತಿ ಸುಮಾರು 49 ಲಕ್ಷ ಜೂಲ್. ಇದು 15 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು! ಕಾಲನ್ನು ಬ್ರೇಕಿನ ಮೇಲಿಂದ ತೆಗೆಯದೆ ಇಳಿದರೆ ಈ ಶಾಖದ ಬಹುಪಾಲು ಬ್ರೇಕುಗಳಿಗೇ ಸೇರುತ್ತದೆ. ಅತಿಯಾಗಿ ಕಾದ ಬ್ರೇಕು ಹಿಡಿಯುವ ಬಲವನ್ನು ಕಳೆದುಕೊಳ್ಳುತ್ತದೆ. ಆದುದರಿಂದಲೇ ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುತ್ತಾರೆ. ಆಗ ಎಂಜಿನ್ ತಾನೇ ವೇಗವನ್ನು ತಡೆಯುತ್ತದೆ. ಬ್ರೇಕಿಗೆ ವಿಶ್ರಾಂತಿ ದೊರೆಯುತ್ತದೆ.

ಹೀಗೆ ಚಾಲಕರಿಂದ ಚಾಲಕರಿಗೆ ಬಾಯಿಂದ ಬಾಯಿಗೆ ಹರಿದು ಬರುವ ಸಲಹೆಗಳು ಬಹಳ ಉಂಟು. ಚಹಾದಂಗಡಿಯ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ಕೆಟ್ಟು ನಿಂತ ಗಾಡಿಯ ಸುತ್ತ ಸೇರಿದ ಗುಂಪಿನಲ್ಲಿ ಈ ವಿದ್ಯೆಯ ಶಾಲೆ ನಡೆಯುತ್ತದೆ. ಅಂಬಾಸಿಡರ್, ಫಿಯೆಟ್ ಕಾರುಗಳ ಕಾಲದಲ್ಲಿ ಬೇಸಿಗೆಯ ಮಧ್ಯಾಹ್ನ ಗಾಡಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಶಾಖಕ್ಕೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಹರಿವು ನಿಲ್ಲುತ್ತಿತ್ತು. ಬಟ್ಟೆ ತಂಪು ಮಾಡಿದಾಗ ಆವಿ ಮತ್ತೆ ದ್ರವವಾಗುತ್ತಿತ್ತು. ಸಲಹೆಯ ಹಿಂದೆ ವಿಜ್ಞಾನವಿತ್ತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಆ ಉಪಾಯಕ್ಕೆ ಕೆಲಸವಿಲ್ಲ. ಪೆಟ್ರೋಲ್ ಟ್ಯಾಂಕಿನ ಸಣ್ಣ ಸೋರಿಕೆಗೆ ಸ್ನಾನದ ಸಾಬೂನನ್ನು ಮೆತ್ತುವುದೂ ಹಳೆಯ ಉಪಾಯವೇ. ಸಾಬೂನು ಪೆಟ್ರೋಲಿನಲ್ಲಿ ಕರಗದು. ಆದರೆ ಅದು ಗ್ಯಾರೇಜನ್ನು ಮುಟ್ಟುವವರೆಗಿನ ಆಸರೆಯೇ ಹೊರತು ದುರಸ್ತಿಯಲ್ಲ.

ಎಲ್ಲ ಸಲಹೆಗಳೂ ಹಿತವಾದುವಲ್ಲ. ಇಳಿಜಾರಿನಲ್ಲಿ ಗೇರನ್ನು ತಪ್ಪಿಸಿ, ಎಂಜಿನ್ ಆರಿಸಿ ಉರುಳಿಸಿದರೆ ಇಂಧನ ಉಳಿಯುತ್ತದೆಂದು ಹೇಳುವವರಿದ್ದಾರೆ. ಎಂಜಿನ್ ಆರಿದರೆ ಬ್ರೇಕಿಗೆ ದೊರೆಯುವ ನೆರವು ಬೇಗನೆ ಇಲ್ಲವಾಗುತ್ತದೆ. ಬೀಗದ ಕೈಯನ್ನು ಹಿಂದಕ್ಕೆ ತಿರುಗಿಸಿ ತೆಗೆದರೆ ಚುಕ್ಕಾಣಿಯೂ ಸಿಕ್ಕಿಕೊಳ್ಳಬಹುದು. ಈಗಿನ ವಾಹನಗಳಲ್ಲಿ ಗೇರು ಹಾಕಿಯೇ ಇಳಿಯುವಾಗ ವೇಗವರ್ಧಕದಿಂದ ಕಾಲು ತೆಗೆದರೆ ಇಂಧನದ ಪೂರೈಕೆ ತಾನಾಗಿ ನಿಲ್ಲುತ್ತದೆ. ಆದುದರಿಂದ ಆ ಉಳಿತಾಯದ ಮಾತು ಪ್ರಾಣಕ್ಕೆ ಅಪಾಯವಾದುದು ಮಾತ್ರವಲ್ಲ, ಅನವಶ್ಯಕವೂ ಹೌದು. ಸಲಹೆಯನ್ನು ಕೇಳುವಾಗ ‘ಹೀಗೇಕೆ?’ ಎಂಬ ಪ್ರಶ್ನೆಯನ್ನು ಕೇಳಬೇಕು. ಕಾರಣವನ್ನು ಹೇಳಬಲ್ಲ ಸಲಹೆಯೇ ವಿಶ್ವಾಸಕ್ಕೆ ಅರ್ಹ.

ದೋಷವು ಸಣ್ಣದಾದರೂ ಅದರ ಫಲ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಹಿಂಬದಿಯ ದೀಪವೇ ಸಾಕ್ಷಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಮೂಲಕ ಹೈದರಾಬಾದಿನ ಕಡೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಳಿಗಾಲದ ಮುಂಜಾನೆ ಮಂಜು ಕವಿಯುತ್ತದೆ. ದೀಪವಿಲ್ಲದೆ ನಿಂತ ಲಾರಿಯು ಹಿಂದಿನಿಂದ ಬರುವವರಿಗೆ ಕಾಣುವ ವೇಳೆಗೆ ತಡವಾಗಿರುತ್ತದೆ. ಕೆಲವೇ ರೂಪಾಯಿಗಳ ಬಲ್ಬು ಒಂದು ಕುಟುಂಬದ ಬೆಳಕನ್ನು ಕಾಯುತ್ತದೆ. ವಾಹನವು ಕೆಟ್ಟರೆ ಅದನ್ನು ರಸ್ತೆಯಿಂದ ಆದಷ್ಟು ಬದಿಗೆ ಸರಿಸಿ, ಮಿನುಗು ದೀಪಗಳನ್ನು ಹಾಕಿ, ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ತ್ರಿಕೋನವನ್ನು ಇಡಬೇಕು. ಒಳಗಿದ್ದವರು ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ದುರಸ್ತಿಯ ಯೋಚನೆ ಆಮೇಲಿನದು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಭಾರತದಲ್ಲಿಯೇ ಮೋಟಾರು ವಾಹನಗಳನ್ನು ತಯಾರಿಸಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ ಶ್ರಮಿಸಿದವರಲ್ಲಿ ಅವರು ಅಗ್ರಗಣ್ಯರು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಅದಕ್ಕೆ ದೊರೆಯಲಿಲ್ಲ. ಅವರ ವಿಷಯದಲ್ಲಿ ಜನರ ಬಾಯಲ್ಲಿ ಉಳಿದು ಬಂದ ಕಥೆಯೊಂದಿದೆ. ಓಡುತ್ತಿದ್ದ ರೈಲಿನ ಸದ್ದು ಬದಲಾದುದನ್ನು ಆಲಿಸಿ, ಮುಂದೆ ಹಳಿ ಕೆಟ್ಟಿದೆಯೆಂದು ಊಹಿಸಿ ಅವರು ರೈಲನ್ನು ನಿಲ್ಲಿಸಿದರಂತೆ. ಈ ಕಥೆಯನ್ನು ಜನ ಇಂದಿಗೂ ಮೆಚ್ಚಿ ಹೇಳುವುದಕ್ಕೆ ಕಾರಣವಿದೆ. ಗಮನವಿಟ್ಟು ಕೇಳುವುದು ಎಂಜಿನಿಯರಿಗೆ ಮಾತ್ರವಲ್ಲ, ಯಂತ್ರವನ್ನು ಬಳಸುವ ಪ್ರತಿಯೊಬ್ಬನಿಗೂ ಬೇಕಾದ ಗುಣ.

ವಾಹನದ ಸುತ್ತ ಒಂದು ಸಲ ನಡೆದು ಬರಲು ಐದು ನಿಮಿಷ ಸಾಕು. ಅಜ್ಜನು ಕಡೆಗೀಲನ್ನು ಮುಟ್ಟಿ ನೋಡಿದಂತೆ ಮೊಮ್ಮಗನು ಟೈರನ್ನೂ ಬೆಲ್ಟನ್ನೂ ದೀಪವನ್ನೂ ನೋಡಿ ಹೊರಟರೆ ಗೂಡು ಹರಾಜಿಗೆ ಸೇರುತ್ತದೆ. ಹೋದವರು ಮನೆಗೆ ಮರಳುತ್ತಾರೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಡೆಗೀಲು ಎಂದರೇನು?
2. ಬರ್ತಾ ಬೆಂಝ್ ಯಾವ ವರ್ಷ ತನ್ನ ಪ್ರಯಾಣವನ್ನು ಕೈಗೊಂಡಳು?
3. ಟೈರಿನ ಗಾಳಿಯನ್ನು ಯಾವಾಗ ಅಳೆಯಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರೇಷ್ಮೆಗೂಡು ಸಕಾಲದಲ್ಲಿ ಮಾರುಕಟ್ಟೆಯನ್ನು ಸೇರಬೇಕು. ಏಕೆ?
2. ಗಡಸು ನೀರಿನಿಂದ ರೇಡಿಯೇಟರಿಗೆ ಆಗುವ ಹಾನಿಯನ್ನು ವಿವರಿಸಿರಿ.
3. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಸಲಹೆಯ ಹಿಂದಿನ ಕಾರಣವೇನು?

ಇ) ‘ಯಂತ್ರವು ಹೇಳಿತ್ತು, ಕೇಳುವವರಿರಲಿಲ್ಲ’ – ಈ ಮಾತನ್ನು ಸಂದರ್ಭದೊಂದಿಗೆ ಸ್ಪಷ್ಟಪಡಿಸಿರಿ.

ಈ) ನಿಮ್ಮ ಊರಿನ ಚಾಲಕರೊಬ್ಬರಿಂದ ಮೂರು ಸಲಹೆಗಳನ್ನು ಕೇಳಿ ಬರೆಯಿರಿ. ಪ್ರತಿಯೊಂದರ ಕಾರಣವನ್ನೂ ಗುರುತಿಸಿರಿ.