ಚೊಚ್ಚಲ ಕಡಸಿಗೆ ಯಾವ ಹೋರಿ?

ಅಮೆರಿಕದ ಆಂಗಸ್ ತಳಿಯ ದನಗಳ ಹರಾಜಿನಲ್ಲಿ ಕಣ್ಣು ಮೊದಲು ಹೋಗುವುದು ಮಿರಮಿರ ಮಿಂಚುವ ಕಪ್ಪು ಮೈ, ತುಂಬಿದ ತೊಡೆಗಳ ಕಡೆಗೆ. ಅಲ್ಲಿ ದನ ಸಾಕಲು ಹೊರಟವರಿಗೆ ಒಂದು ಮಾತು: ಚೊಚ್ಚಲ ಕಡಸುಗಳಿಗೆ ಹೋರಿ ಬೇಕಿದ್ದರೆ ಮೈಕಟ್ಟು ನೋಡುವ ಮೊದಲು ಕ್ಯಾಟಲಾಗ್ ಓದಿ.

ಅದರಲ್ಲಿ ‘ಸಿಇಡಿ’ ಅಂಕಣ ಹುಡುಕಿ. ಯಾರ ಸಹಾಯವೂ ಇಲ್ಲದೆ ಕಡಸು ಈಯುವ ಸಾಧ್ಯತೆ ಹೇಳುವ ಅಂಕಿ ಅದು, ಹೆಚ್ಚಿದ್ದಷ್ಟೂ ಒಳ್ಳೆಯದು. ಒಂದು ಹೋರಿಗೆ 12, ಇನ್ನೊಂದಕ್ಕೆ 4 ಇದ್ದರೆ, ಮೊದಲನೆಯದರಿಂದ ಗಬ್ಬವಾದ 100 ಕಡಸುಗಳಲ್ಲಿ ಸರಾಸರಿ 8 ಹೆಚ್ಚು ಕಡಸುಗಳು ತಾವಾಗಿಯೇ ಈಯುತ್ತವೆಂದು ನಿರೀಕ್ಷಿಸಬಹುದು. ಹೋರಿ ಹುಟ್ಟಿದಾಗಿನ ತೂಕವೊಂದನ್ನೇ ನೆಚ್ಚಬೇಡಿ. ತಾಯಿಯ ವಯಸ್ಸು, ಮೇವು, ಹವೆಯಿಂದ ಅದು ಏರುಪೇರಾಗುತ್ತದೆ. ‘ಸಿಇಎಂ’ ಬೇರೆಯೇ ಲೆಕ್ಕ: ಅದು ಹೋರಿಗೆ ಹುಟ್ಟುವ ಹೆಣ್ಣುಗರುಗಳು ಮುಂದೆ ಈಯುವುದಕ್ಕೆ ಸಂಬಂಧಿಸಿದ್ದು. ಎಳೆಯ ಹೋರಿಯ ಅಂಕಿಗಳ ನಿಖರತೆ ಕಡಿಮೆ. ಹೆಚ್ಚಿನ ಭರವಸೆ ಬೇಕಿದ್ದರೆ, ಸಾಕಷ್ಟು ಕರುಗಳ ದಾಖಲೆಯಿರುವ ಹೋರಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸಿ.

ಎಲ್ಲವನ್ನೂ ಹೋರಿಯ ಮೇಲೇ ಹೊರಿಸಬೇಡಿ. ಪೂರ್ತಿ ಬೆಳೆದ ಹಸುವಿನ ತೂಕದ ಶೇ 60–65ರಷ್ಟನ್ನು ಮುಟ್ಟಿದ ಮೇಲೆಯೇ ಕಡಸನ್ನು ಹೋರಿಗೆ ಬಿಡಿ. ಹುಟ್ಟುವಾಗ ಕರು ಸ್ವಲ್ಪ ಚಿಕ್ಕದಿದ್ದರೂ ಚಿಂತೆಯಿಲ್ಲ. ಬದುಕಿ ಉಳಿದ ಕರುವಿಗೆ ಮಾತ್ರ ಮಾರುಕಟ್ಟೆಯಲ್ಲಿ ಬೆಲೆ.