ಬೆಕ್ಕಿನ ಮರಿ ಕೊಳ್ಳುವ ಮುನ್ನ ಅದರ ತಾಯಿಯನ್ನು ನೋಡಿ

ಕ್ಯಾಮೇನಹಳ್ಳಿ ಜಾತ್ರೆಯಲ್ಲಿ ಹಲ್ಲು ನೋಡದೆ, ಸುಳಿ ಎಣಿಸದೆ, ನಾಲ್ಕು ಹೆಜ್ಜೆ ನಡೆಸದೆ ಎತ್ತಿನ ಜೋಡಿಗೆ ಮುಂಗಡ ಕೊಡುವ ರೈತ ಸಿಗುವುದಿಲ್ಲ. ಅದೇ ಮನೆಯ ಹುಡುಗರು ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿ ಪರ್ಷಿಯನ್ ಮರಿಗೆ ಸಾವಿರಗಟ್ಟಲೆ ಹಣ ಫೋನ್‌ಪೇ ಮಾಡಿಬಿಡುತ್ತಾರೆ. ಮರಿ ಬೆಂಗಳೂರಿನಿಂದಲೋ ಹಿಂದೂಪುರದಿಂದಲೋ ರಟ್ಟಿನ ಡಬ್ಬಿಯಲ್ಲಿ ಬರುತ್ತದೆ. ಮೊದಲ ದಿನ ಮಂಚದ ಕೆಳಗೆ ಸೇರಿಕೊಂಡರೆ ‘ಹೊಸ ಜಾಗ, ಹೆದರಿದೆ’ ಅಂದುಕೊಳ್ಳುತ್ತೇವೆ. ಮಾರನೇ ದಿನ ತಿನ್ನುವುದಿಲ್ಲ. ಆಮೇಲೆ ಹಳದಿ ನೊರೆಯ ವಾಂತಿ, ನೀರಿನಂಥ ಭೇದಿ. ಮಾರಿದವರಿಗೆ ಫೋನ್ ಮಾಡಿದರೆ ‘ನಮ್ಮಲ್ಲಿ ಚೆನ್ನಾಗೇ ಇತ್ತಲ್ಲ ಸಾರ್, ನೀವೇನು ತಿನ್ಸಿದ್ರಿ?’ ಎಂಬ ಮರುಪ್ರಶ್ನೆ. ವಾರ ತುಂಬುವುದರೊಳಗೆ ಮರಿ ಇರುವುದಿಲ್ಲ.

ಇದು ಹೆಚ್ಚಾಗಿ ಬೆಕ್ಕಿನ ಪಾರ್ವೋ. ವೈದ್ಯರ ಬಾಯಲ್ಲಿ ಪ್ಯಾನ್‌ಲ್ಯುಕೋಪೀನಿಯಾ. ಕರುಳಿನ ಒಳಪದರವನ್ನೂ ರಕ್ತದ ಬಿಳಿಕಣಗಳನ್ನೂ ಒಟ್ಟಿಗೆ ನಾಶ ಮಾಡುವ ವೈರಸ್ ಇದು. ಮೈಗೆ ಹೊಕ್ಕು 2ರಿಂದ 10 ದಿನಗಳಲ್ಲಿ ಲಕ್ಷಣ ತೋರಿಸುತ್ತದೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮನೆಗೆ ಬಂದ ಮೊದಲೆರಡು ದಿನದಲ್ಲೇ ವಾಂತಿ ಶುರುವಾಯಿತೆಂದರೆ ಸೋಂಕು ನಿಮ್ಮ ಮನೆಯದಲ್ಲ, ಮಾರಿದವರ ಮನೆಯದು. ನೀವು ಏನು ತಿನ್ನಿಸಿದಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊಳ್ಳುವ ದಿನ

ದುಡ್ಡು ಕೊಡುವ ಮೊದಲು ಮರಿ ಹುಟ್ಟಿದ ಜಾಗಕ್ಕೆ ಹೋಗಿ ತಾಯಿ ಬೆಕ್ಕನ್ನು ತೋರಿಸಿ ಅನ್ನಿ. ‘ತಾಯಿ ಊರಲ್ಲಿದೆ’, ‘ಬಸ್‌ಸ್ಟ್ಯಾಂಡಿಗೇ ತಂದುಕೊಡ್ತೀವಿ’ ಎಂದವರ ಹತ್ತಿರ ವ್ಯಾಪಾರವೇ ಬೇಡ. ಲಸಿಕೆ ಆದ ತಾಯಿಯ ಮೊದಲ ಹಾಲಿನಿಂದ ಮರಿಗೆ ಕೆಲವು ವಾರಗಳ ರಕ್ಷಣೆ ಸಿಗುತ್ತದೆ. ತಾಯಿಗೇ ಲಸಿಕೆ ಇಲ್ಲವೆಂದರೆ ಮರಿಗೆ ಅದೂ ಇಲ್ಲ. ಒಂದು ಕೋಣೆಯಲ್ಲಿ ಹತ್ತಾರು ಬೆಕ್ಕುಗಳಿದ್ದು, ಯಾವುದೋ ಒಂದು ಸೀನುತ್ತಿದ್ದು, ಮೂಲೆಯ ಲಿಟರ್ ತಟ್ಟೆ ಗಬ್ಬು ನಾರುತ್ತಿದ್ದರೆ ಮರಿ ಎಷ್ಟೇ ಮುದ್ದಾಗಿದ್ದರೂ ಬಾಗಿಲಿಂದಲೇ ಹಿಂತಿರುಗಿ. ಕನಿಕರದಿಂದ ‘ಇದೊಂದನ್ನಾದರೂ ಉಳಿಸೋಣ’ ಎಂದು ಎತ್ತಿಕೊಂಡು ಬರುವವರಿದ್ದಾರೆ. ಆ ಮನಸ್ಸು ದೊಡ್ಡದು, ನಿಜ. ಆದರೆ ಕೊಟ್ಟ ದುಡ್ಡು ಅದೇ ಕೋಣೆಯಲ್ಲಿ ಮುಂದಿನ ಸೂಲಿಗೆ ಬಂಡವಾಳವಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಮಾರುವವರ ಮಾತನ್ನು ನಂಬಬೇಡಿ, ಬಾಯಿ ತೆರೆದು ನೋಡಿ. ಎಂಟು ವಾರಕ್ಕೆ ಹಾಲುಹಲ್ಲುಗಳೆಲ್ಲ ಬಂದಿರಬೇಕು. ಹಿಂದಿನ ದವಡೆಯಲ್ಲಿ ಬರೀ ಒಸಡು ಇದ್ದರೆ ಮರಿ ಇನ್ನೂ ತಾಯಿಯ ಬಳಿ ಇರಬೇಕಾದದ್ದು. ತೂಕ ಎಂಟು ವಾರಕ್ಕೆ ಮುಕ್ಕಾಲು ಕಿಲೋ ಆಸುಪಾಸು ಇರುತ್ತದೆ. ಅರ್ಧ ಕಿಲೋ ತೂಗುವ ‘ಎರಡು ತಿಂಗಳ’ ಮರಿ ಅಂದರೆ ವಯಸ್ಸು ಸುಳ್ಳು, ಇಲ್ಲವೇ ಹೊಟ್ಟೆಯಲ್ಲಿ ಜಂತುಹುಳು. ಒಸಡು ಬಿಳಿಚಿಕೊಂಡಿದೆಯೇ, ಕಣ್ಣಲ್ಲಿ ಪಿಸುರು ಇದೆಯೇ, ಬಾಲದ ಕೆಳಗೆ ಕೂದಲು ಅಂಟಿಕೊಂಡಿದೆಯೇ ನೋಡಿ. ಕಿವಿ, ಮೂತಿಯ ಸುತ್ತ ಕೂದಲುದುರಿ ಗುಂಡಗಿನ ಒಣ ಕಲೆ ಇದ್ದರೆ ಅದು ಗಜಕರ್ಣ. ಮನೆಯ ಮಕ್ಕಳಿಗೂ ಹತ್ತುತ್ತದೆ.

‘ಇಂಜೆಕ್ಷನ್ ಎಲ್ಲಾ ಆಗಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ಲಸಿಕೆ ಪುಸ್ತಕ ಕೇಳಿ. ಲಸಿಕೆಯ ಪುಟ್ಟ ಸೀಸೆಯ ಮೇಲಿನ ಸ್ಟಿಕ್ಕರನ್ನು ಬಿಡಿಸಿ ಪುಸ್ತಕಕ್ಕೆ ಅಂಟಿಸುವುದು ವೈದ್ಯರ ರೂಢಿ. ಅದರಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಪಕ್ಕದಲ್ಲಿ ಲಸಿಕೆ ಹಾಕಿದ ತಾರೀಖು, ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆಯಿರುವ ಮೊಹರು ಇರಬೇಕು. ಸ್ಟಿಕ್ಕರಿಲ್ಲದೆ ಪೆನ್ನಿನಲ್ಲಿ ‘ವ್ಯಾಕ್ಸಿನ್ ಡನ್’ ಎಂದು ಗೀಚಿದ ಪುಸ್ತಕ ಬರೀ ಪುಸ್ತಕ. ಇನ್ನೊಂದು ವಿಷಯ: ನಿನ್ನೆ ಹಾಕಿದ ಲಸಿಕೆ ಇವತ್ತು ಕಾಯುವುದಿಲ್ಲ. ಪಾರ್ವೋವನ್ನೂ ತಡೆಯುವ ತ್ರಿವಳಿ ಲಸಿಕೆಯನ್ನು 6ರಿಂದ 8 ವಾರಕ್ಕೆ ಆರಂಭಿಸಿ, 3-4 ವಾರಕ್ಕೊಮ್ಮೆ 16 ವಾರದವರೆಗೆ ಕೊಡಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಪುಸ್ತಕದ ಜೊತೆಗೆ ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ: ಮಾರಿದವರ ಹೆಸರು, ವಿಳಾಸ, ಮರಿ ಹುಟ್ಟಿದ ದಿನ, ಬೆಲೆ, ಕೊಟ್ಟ ತಾರೀಖು. ಹಣವನ್ನು ಫೋನ್‌ಪೇ, ಗೂಗಲ್‌ಪೇಯಲ್ಲೇ ಕೊಡಿ, ಕೈಯಲ್ಲಿ ಬೇಡ. ವಾಟ್ಸ್‌ಆ್ಯಪ್ ಮಾತುಕತೆಯನ್ನು ಅಳಿಸಬೇಡಿ.

ಮೊದಲ ಹದಿನೈದು ದಿನ

ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಹೊಸ ಮರಿಗೆ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮರಳು. ಬಂದ ಮಾರನೇ ದಿನವೇ ವೈದ್ಯರಿಗೆ ತೋರಿಸಿ, ಚೆನ್ನಾಗಿದ್ದರೂ ತೋರಿಸಿ. ಆ ದಿನದ ಚೀಟಿಯೇ ನಿಮ್ಮ ಮೊದಲ ದಾಖಲೆ. ಹಸುವಿನ ಹಾಲು ಹಾಕಬೇಡಿ, ಹಲವು ಮರಿಗಳಿಗೆ ಅದರಿಂದಲೇ ಭೇದಿ. ಮೊದಲ ವಾರ ಮಾರಿದವರ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಮುಂದುವರಿಸಿ.

ನಮ್ಮ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಪಶು ಆಸ್ಪತ್ರೆಗಳ ಮುಂದೆ ನಿಲ್ಲುವುದು ದನ, ಕುರಿ, ಮೇಕೆಗಳ ಸಾಲು. ಬೆಕ್ಕಿನ ಲಸಿಕೆ ಎಲ್ಲ ಕಡೆ ಸಿದ್ಧವಾಗಿ ಇರುವುದಿಲ್ಲ, ಮೊದಲೇ ವಿಚಾರಿಸಿ ಹೋಗಿ. ತಾಲ್ಲೂಕಿನಲ್ಲಿ ಸಿಗದಿದ್ದರೆ ತುಮಕೂರಿಗೆ ಹೋಗಬೇಕು. ಅದು ಕೊರಟಗೆರೆಗೆ ಮೂವತ್ತು ಕಿ.ಮೀ. ಒಳಗೆ, ಮಧುಗಿರಿಗೆ ನಲವತ್ತು ಚಿಲ್ಲರೆ, ಶಿರಾಕ್ಕೆ ಐವತ್ತರ ಆಸುಪಾಸು. ಪಾವಗಡದವರಿಗೆ ಮಾತ್ರ ನೂರು ಕಿ.ಮೀ. ದಾರಿ. ಆದ್ದರಿಂದ ಪಾವಗಡದವರು ಮರಿ ತರುವ ಮುಂಚೆಯೇ, ರಾತ್ರಿ ಹೊತ್ತು ಕಾಯಿಲೆ ಬಿದ್ದರೆ ಯಾರ ಬಳಿ ಹೋಗುವುದು ಎಂದು ನಿರ್ಧರಿಸಿಕೊಂಡಿರಬೇಕು. ಹೇಳಿಬಿಡುತ್ತೇನೆ, ಪಾವಗಡದ ಏಪ್ರಿಲ್ ಬಿಸಿಲಿಗೆ ಉದ್ದ ಕೂದಲಿನ, ಚಪ್ಪಟೆ ಮೂಗಿನ ಪರ್ಷಿಯನ್ ತರುವುದೇ ನನಗೆ ಸರಿ ಕಾಣುವುದಿಲ್ಲ. ಪಕ್ಕದ ಬೀದಿಯ ನಾಟಿ ಬೆಕ್ಕಿನ ಮರಿಗೆ ಬೆಲೆಯೂ ಇಲ್ಲ, ತಾಯಿಯನ್ನು ದಿನಾ ನೋಡಿಯೂ ಇರುತ್ತೀರಿ.

ಕಾಯಿಲೆ ಬಿದ್ದರೆ

ಪಾರ್ವೋ ಹತ್ತಿದ ಮರಿಯ ಒಂದು ಗುರುತು ನೋಡಿದವರಿಗೆ ಮರೆಯುವುದಿಲ್ಲ. ನೀರಿನ ಬಟ್ಟಲ ಮುಂದೆ ಮುದುರಿ ಕೂತು ತಲೆಯನ್ನು ಬಟ್ಟಲ ಮೇಲೆ ಇಳಿಬಿಟ್ಟಿರುತ್ತದೆ, ಬಾಯಾರಿಕೆ ಇದ್ದರೂ ಕುಡಿಯುವುದಿಲ್ಲ. ಇಷ್ಟು ಕಂಡ ಮೇಲೆ ‘ನಾಳೆ ನೋಡೋಣ’ ಅನ್ನುವಂತಿಲ್ಲ. ಒಂದು ಕಿಲೋ ಕೂಡ ತೂಗದ ಜೀವಕ್ಕೆ ಒಂದು ದಿನದ ಉಪವಾಸ, ವಾಂತಿ-ಭೇದಿಯೇ ಸಾಕು.

ತಕ್ಷಣ ಬೆಚ್ಚಗಿಡಿ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ, ಮೈಗೆ ನೇರವಾಗಿ ತಾಗಿಸಬೇಡಿ. ತೀರಾ ಸೊರಗಿದ್ದರೆ ಗ್ಲೂಕೋಸ್ ನೀರನ್ನು ಬೆರಳಲ್ಲಿ ಅದ್ದಿ ಒಸಡಿಗೆ ಸವರಿ. ವಾಂತಿ ಮಾಡುತ್ತಿರುವ ಮರಿಗೆ ಸಿರಿಂಜಿನಲ್ಲಿ ಹಾಲು, ಗಂಜಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರವೆಂದು ಡೋಲೋ, ಕ್ರೋಸಿನ್ ಕೊಡಲೇಬಾರದು. ಪ್ಯಾರಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಅರ್ಧ ಮಾತ್ರೆಯೇ ಕೊಲ್ಲುತ್ತದೆ. ಚಿಗಟ ಕಂಡಿತೆಂದು ದನದ ಉಣ್ಣೆಗೆ ತಂದಿಟ್ಟ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಹಚ್ಚುವುದೂ ಅಷ್ಟೇ ಅಪಾಯ.

ಈ ವೈರಸ್ಸನ್ನೇ ಕೊಲ್ಲುವ ಔಷಧ ವೈದ್ಯರ ಕೈಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಆ್ಯಂಟಿಬಯಾಟಿಕ್ ಕೊಟ್ಟು ಮರಿಯ ಮೈ ತಾನೇ ಹೋರಾಡುವವರೆಗೆ ಹಿಡಿದಿಡುವುದೇ ಚಿಕಿತ್ಸೆ. ಕುರಿಮರಿಗೆ ಡ್ರಿಪ್ ಹಾಕುವ ತಾಲ್ಲೂಕು ವೈದ್ಯರಿಗೆ ಇದು ಹೊಸದಲ್ಲ, ಆದ್ದರಿಂದ ಮೊದಲು ಹತ್ತಿರದ ಪಶು ಆಸ್ಪತ್ರೆಗೇ ಹೋಗಿ, ದೂರದ ಪ್ರಯಾಣ ಆಮೇಲೆ. 1962ಕ್ಕೆ ಕರೆ ಮಾಡಿದರೆ ಪಶು ಸಂಚಾರಿ ಚಿಕಿತ್ಸಾ ಘಟಕದ ನೆರವು ಕೇಳಬಹುದು. ಇನ್ನೊಂದು ಉಪಾಯ ಹಲವರಿಗೆ ತಿಳಿದಿಲ್ಲ: ನಾಯಿಯ ಪಾರ್ವೋ ಪತ್ತೆಗೆ ಬಳಸುವ ಕಿಟ್ಟಿನಲ್ಲೇ ಬೆಕ್ಕಿನ ಮಲವನ್ನೂ ಪರೀಕ್ಷಿಸಬಹುದು. ಬೆಕ್ಕಿನ ಕಿಟ್ ಇಲ್ಲ ಎಂದು ವಾಪಸ್ಸು ಬರಬೇಡಿ, ನಾಯಿಯದನ್ನು ಕೇಳಿ. ವಿಷಯ ಗಂಭೀರವಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ.

ಇಷ್ಟೆಲ್ಲ ಮಾಡಿದರೂ ಲಸಿಕೆಯಿಲ್ಲದ ಪುಟ್ಟ ಮರಿಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಖರ್ಚು ಕೈಮೀರುತ್ತಿದ್ದರೆ, ಉಳಿಯುವ ಸಾಧ್ಯತೆ ಎಷ್ಟು ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಮರಿ ಸತ್ತ ಮೇಲೆ

ಕಾಯಿಲೆಯ ದಿನಗಳಲ್ಲಿ ಅದು ಯಾರನ್ನಾದರೂ ಕಚ್ಚಿತ್ತೇ, ಪರಚಿತ್ತೇ? ಪಾರ್ವೋ ಮನುಷ್ಯರಿಗೆ ಬರುವುದಿಲ್ಲ, ರೇಬೀಸ್ ಬರುತ್ತದೆ. ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಸಣ್ಣ ಮರಿ ಎಂದು ಬಿಡಬೇಡಿ.

ಪರಿಹಾರ ಕೇಳುವ ಉದ್ದೇಶವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಜೊತೆ ಇಡಿ. ಫ್ರೀಜರಿನಲ್ಲಿ ಗಟ್ಟಿಯಾಗಿಸಬೇಡಿ, ಅಂಗಾಂಶ ಕೆಡುತ್ತದೆ. ಸಾಧ್ಯವಾದಷ್ಟು ಬೇಗ, ಒಂದು ದಿನ ದಾಟದಂತೆ ಪಶು ಆಸ್ಪತ್ರೆಗೆ ಒಯ್ದು ಲಿಖಿತ ವರದಿ ಕೇಳಿ. ಪರೀಕ್ಷೆ ಬೇಡವೆಂದರೆ ನಾಯಿಗಳು ಕೆದಕದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಕೆರೆ, ಬಾವಿ, ಬೋರ್‌ವೆಲ್ ಹತ್ತಿರ ಬೇಡ.

ಆಮೇಲೆ ಮಾರಿದವರಿಗೆ ಬರವಣಿಗೆಯಲ್ಲಿ ತಿಳಿಸಿ. ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಕೊಂಡ ದಿನ, ಲಕ್ಷಣ ಕಂಡ ದಿನ, ವೈದ್ಯರ ಚೀಟಿ, ವರದಿ ಸೇರಿಸಿ, ಮರಿಯ ಬೆಲೆಯನ್ನೂ ಚಿಕಿತ್ಸೆಯ ಖರ್ಚನ್ನೂ ಕೇಳುವ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ‘ಬೇರೆ ಮರಿ ಕೊಡ್ತೀವಿ’ ಎಂದರೆ ಒಪ್ಪಬೇಡಿ, ಅದೂ ಅದೇ ಕೋಣೆಯದು. ಉತ್ತರ ಬಾರದಿದ್ದರೆ 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥ ಊರಿನವರಿಗೆ ಒಂದು ದೊಡ್ಡ ಅನುಕೂಲವಿದೆ: ಮಾರಿದವರು ಬೆಂಗಳೂರಿನವರಾಗಲಿ ಆಂಧ್ರದವರಾಗಲಿ, ಕೊಂಡವರು ತಮ್ಮ ವಾಸದ ಜಿಲ್ಲೆಯಲ್ಲೇ, ಅಂದರೆ ತುಮಕೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಅವಧಿ ಇದೆ. ಆದರೆ ಎದುರಿಗಿರುವವರು ವ್ಯಾಪಾರಕ್ಕಾಗಿ ಮರಿ ಮಾರುವವರು ಎಂದು ತೋರಿಸಬೇಕು. ಅವರು ಪದೇ ಪದೇ ಹಾಕಿದ ಜಾಹೀರಾತಿನ ಸ್ಕ್ರೀನ್‌ಶಾಟ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಸಾಕುಪ್ರಾಣಿ ಅಂಗಡಿಯಲ್ಲಿ ಕೊಂಡಿದ್ದರೆ ಇನ್ನೊಂದು ದಾರಿಯೂ ಇದೆ. 2018ರ ನಿಯಮಗಳ ಪ್ರಕಾರ ಅಂಥ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಆಗಿಲ್ಲದಿದ್ದರೆ ಆ ಮಂಡಳಿಗೇ ದೂರು ಕೊಡಬಹುದು. ಮನೆಯಲ್ಲೇ ಮರಿ ಮಾಡಿಸಿ ಮಾರುವವರ ವಿಷಯದಲ್ಲಿ ಹಿಡಿತ ಕಡಿಮೆ. 2017ರ ತಳಿ ಸಾಕಣೆ ನಿಯಮ ಬಂದದ್ದು ನಾಯಿಗಳಿಗೆ, ಬೆಕ್ಕಿಗಲ್ಲ.

ಮನೆ ತೊಳೆಯುವ ಕೆಲಸ ಬಾಕಿ ಇದೆ. ಈ ವೈರಸ್ ನೆಲ, ಬಟ್ಟೆ, ಚಪ್ಪಲಿಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಫಿನಾಯಿಲನ್ನೂ ನೆಚ್ಚಬೇಡಿ. ಅದರಲ್ಲಿನ ಫಿನಾಲ್ ಬೆಕ್ಕಿಗೇ ವಿಷ. ಮೊದಲು ಸೋಪಿನಲ್ಲಿ ತಿಕ್ಕಿ ತೊಳೆಯಿರಿ, ಕೊಳೆಯಿದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಶೇಕಡಾ 5ರ ಹೈಪೋಕ್ಲೋರೈಟ್ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ 30 ಮಿ.ಲೀ.ನಂತೆ ಬೆರೆಸಿ ಸುರಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬಚ್ಚಲ ಆ್ಯಸಿಡ್ ಜೊತೆ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಹಾಸಿಗೆ, ರಟ್ಟಿನ ಡಬ್ಬಿಯನ್ನು ಸುಟ್ಟುಬಿಡಿ, ಮರಳನ್ನು ಆಳವಾಗಿ ಹೂಳಿ. ಮತ್ತೊಂದು ಬೆಕ್ಕು ತರುವುದಾದರೆ ಲಸಿಕೆಯ ಸುತ್ತುಗಳೆಲ್ಲ ಮುಗಿದ ದೊಡ್ಡದನ್ನೇ ತನ್ನಿ. ವರ್ಷದೊಳಗೆ ಆ ಮನೆಗೆ ಎಳೆಮರಿ ಬೇಡ.

ಅದೇ ಸೂಲಿನ ಉಳಿದ ಮರಿಗಳು ಯಾರ್ಯಾರ ಮನೆ ಸೇರಿವೆ ಎಂದು ಮಾರಿದವರನ್ನು ಕೇಳಿ, ಹೇಳದಿದ್ದರೆ ಅವರ ಜಾಹೀರಾತಿನ ಕೆಳಗೆ ‘ಬೇಕು’ ಎಂದು ಬರೆದವರಿಗೆ ನೀವೇ ಸಂದೇಶ ಕಳಿಸಿ. ಅವರ ಮರಿ ಇನ್ನೂ ಆಡಿಕೊಂಡು, ತಿಂದುಕೊಂಡು ಇರಬಹುದು. ಹತ್ತು ದಿನ ತುಂಬುವ ಮೊದಲೇ ಅದನ್ನು ವೈದ್ಯರಿಗೆ ತೋರಿಸಲು ಹೇಳಿ.